ಜೀರ್ಣೋದ್ಧಾರವೆಂದರೆ ಕೆಡವುವುದಲ್ಲ

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದ ಕನ್ನಡಿಗರಲ್ಲಿ 'ಅಡೋಬಿ' ಎಂಬ ಹೆಸರನ್ನು ಕೇಳದವರು ವಿರಳ. ಆದರೆ ಆ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ನೆನಪಿಗೆ ಬರುವುದು ತಂತ್ರಾಂಶ ಸಂಸ್ಥೆಯೇ ಹೊರತು ಇಟ್ಟಿಗೆಯಲ್ಲ. ಸ್ಪ್ಯಾನಿಷ್ ನುಡಿಯಲ್ಲಿ ಅಡೋಬಿ ಎಂದರೆ ಬೆಂಕಿಯಲ್ಲಿ ಸುಡದೆ ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಹಸಿ ಇಟ್ಟಿಗೆ. ಲಾಸ್ ಆಲ್ಟೋಸಿನಲ್ಲಿ ಹರಿಯುವ ಅಡೋಬಿ ಎಂಬ ತೊರೆಯಿಂದ ಆ ಸಂಸ್ಥೆಗೆ ಹೆಸರು ಬಂದಿತು. ಸಂಸ್ಥೆಯ ಎತ್ತರದ ಕಚೇರಿಗಳಿರುವ ನಗರಮಧ್ಯದಲ್ಲಿಯೇ, ಸ್ಯಾನ್ ಪೆಡ್ರೊ ಚೌಕದ ಬಳಿ, ನಿಜವಾದ ಅಡೋಬಿಯಿಂದ ಕಟ್ಟಿದ ಎರಡು ಕೋಣೆಗಳ ಮನೆಯೊಂದು ಇಂದಿಗೂ ನಿಂತಿದೆ. ಆ ಮನೆಯನ್ನು ಕಂಡಾಗಲೆಲ್ಲ ನನ್ನನ್ನು ಕಾಡುವ ವಿಚಾರವೊಂದನ್ನು ಈ ಸ್ಮರಣ ಸಂಚಿಕೆಯ ಮೂಲಕ ಸಹೃದಯ ಓದುಗರ ಮುಂದಿಡಬಯಸುತ್ತೇನೆ.

ಸ್ಯಾನ್ ಹೊಸೆ ಹುಟ್ಟಿದ್ದು ಒಕ್ಕಲುತನಕ್ಕಾಗಿ. ಮಾಂಟೆರೆ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಕೋಟೆಗಳ ಸೈನಿಕರಿಗೆ ಧಾನ್ಯ ಬೆಳೆದು ಕೊಡಲೆಂದು 1777ರ ನವೆಂಬರ್ 29ರಂದು ಸ್ಪೇನಿನ ಆಡಳಿತವು ಹದಿನಾಲ್ಕು ಕುಟುಂಬಗಳನ್ನು ಇಲ್ಲಿ ನೆಲೆಗೊಳಿಸಿತು. ಆಗ ಈ ನೆಲವೇನೂ ಬರಿದಾಗಿರಲಿಲ್ಲ. ಓಲೋನಿ ಜನರು ಸಾವಿರಾರು ವರ್ಷಗಳಿಂದ ಇಲ್ಲಿ ಬಾಳಿದ್ದರು. ನಾನು ಹೇಳುತ್ತಿರುವ ಮನೆಯನ್ನು 1797ರಲ್ಲಿ ಕಟ್ಟಿದವನು ಮ್ಯಾನುಯೆಲ್ ಗೊನ್ಸಾಲೆಸ್ ಎಂಬ ಅಪಾಚೆ ಮೂಲದ ವಲಸಿಗನೆಂದು ಪರಿಗಣಿಸಲಾಗಿದೆ. ಅನಂತರ ಅದರಲ್ಲಿ ವಾಸಿಸಿದವನು ಊರಿನ ಆಡಳಿತಾಧಿಕಾರಿಯಾಗಿದ್ದ ಲೂಯಿಸ್ ಮರಿಯಾ ಪೆರಾಲ್ಟಾ. ಇಂದಿನ ಓಕ್ಲೆಂಡ್, ಬರ್ಕ್ಲಿ ನಗರಗಳಿರುವ ಸುಮಾರು 44,800 ಎಕರೆ ಭೂಮಿ 1820ರಲ್ಲಿ ಅವನಿಗೆ ದೊರೆಯಿತು. ಆದರೂ ಅವನು ಆ ಭೂಮಿಯನ್ನು ಮಕ್ಕಳಿಗೆ ಬಿಟ್ಟು, 1851ರಲ್ಲಿ ತೀರಿಕೊಳ್ಳುವವರೆಗೂ ಸ್ಯಾನ್ ಹೊಸೆಯಲ್ಲಿಯೇ ಬಾಳಿದನು. ಮನೆಗೆ ಉಳಿದಿರುವುದು ಪೆರಾಲ್ಟಾನ ಹೆಸರು. ಮಣ್ಣು ಕಲಸಿದವನ ಹೆಸರು ಹಿಂದೆ ಸರಿಯಿತು. ವಲಸೆ ಬಂದವರಾದ ನಾವು ಇದನ್ನು ಗಮನಿಸತಕ್ಕದ್ದು.

ಆ ಹಳೆಯ ಊರಿನಿಂದ ಉಳಿದು ಬಂದಿರುವ ಕಟ್ಟಡ ಇದೊಂದೇ. 1976ರಲ್ಲಿ ಇದರ ಜೀರ್ಣೋದ್ಧಾರ ನಡೆಯಿತು. ಇಂತಹ ಮನೆಯನ್ನು ಉಳಿಸುವ ವಿದ್ಯೆ ಸರಳವಾದರೂ ಸುಲಭವಲ್ಲ. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ, ಮತ್ತೆ ಗಾಳಿಗೆ ಬಿಟ್ಟು ಒಣಗುತ್ತದೆ. ಅದರ ಮೇಲೆ ಸಿಮೆಂಟಿನ ಗಾರೆ ಬಳಿದರೆ ಹೊರಹೋಗಬೇಕಾದ ತೇವ ಒಳಗೇ ಸಿಕ್ಕಿಕೊಂಡು, ಹೊರನೋಟಕ್ಕೆ ಗಟ್ಟಿಯಾಗಿ ತೋರುವ ಗೋಡೆ ಒಳಗೊಳಗೇ ಕರಗುತ್ತದೆ. ಒಂದು ದಿನ ಗಾರೆಯ ಜೊತೆಗೆ ಗೋಡೆಯೂ ಕಳಚಿ ಬೀಳುತ್ತದೆ. ಆದುದರಿಂದಲೇ ಮಾಡನ್ನು ಭದ್ರವಾಗಿರಿಸಬೇಕು, ಅಡಿಪಾಯದ ಬಳಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು, ಸವೆದ ಭಾಗವನ್ನು ಅದೇ ಬಗೆಯ ಮಣ್ಣಿನಿಂದ ತುಂಬಬೇಕು, ಸುಣ್ಣ ಬಳಿಯಬೇಕು ಎಂದು ತಜ್ಞರು ಹೇಳುತ್ತಾರೆ.

ಆರೈಕೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಪೆಟಲೂಮಾದಲ್ಲಿ ಸಾಕ್ಷಿಯಿದೆ. ಮರಿಯಾನೊ ವಯೆಹೊ ಎಂಬ ಭೂಮಾಲೀಕನು 1836ರಿಂದಾಚೆಗೆ ಸ್ಥಳೀಯ ಇಂಡಿಯನ್ನರ ದುಡಿಮೆಯಿಂದ ಕಟ್ಟಿಸಿದ ಅಲ್ಲಿಯ ಬೃಹತ್ ತೋಟದ ಮನೆಯಲ್ಲಿ ಇಂದು ಉಳಿದಿರುವುದು ಅರ್ಧದಷ್ಟು ಮಾತ್ರ. ಉಳಿದರ್ಧ ಮಣ್ಣಿನಲ್ಲಿ ಮಣ್ಣಾಯಿತು. 1910ರಲ್ಲಿ ಸಂಘವೊಂದು ಅದನ್ನು ಕೊಂಡು ದುರಸ್ತಿಗೆ ತೊಡಗದಿದ್ದರೆ ಈ ಅರ್ಧವೂ ದಕ್ಕುತ್ತಿರಲಿಲ್ಲವೇನೋ. ಮಣ್ಣು ಭೂಕಂಪಕ್ಕೆ ನಿಲ್ಲದೆಂಬ ಆಕ್ಷೇಪಕ್ಕೂ ಇಲ್ಲಿನವರು ಉತ್ತರ ಹುಡುಕಿದ್ದಾರೆ. 1990ರ ದಶಕದಲ್ಲಿ ಗೆಟ್ಟಿ ಸಂರಕ್ಷಣಾ ಸಂಸ್ಥೆ ನಡೆಸಿದ ಪ್ರಯೋಗಗಳು, ಗೋಡೆ ಬಿರಿದರೂ ಉರುಳದಂತೆ ಹಗುರವಾದ ಪಟ್ಟಿ ಮತ್ತು ಸರಳುಗಳಿಂದ ಬಿಗಿದು ಹಿಡಿಯಬಹುದೆಂದು ತೋರಿಸಿಕೊಟ್ಟವು.

ಈಗ ನಮ್ಮ ನಾಡಿನತ್ತ ತಿರುಗೋಣ. ಹಸಿ ಇಟ್ಟಿಗೆಯ ಗೋಡೆ, ಕೆಮ್ಮಣ್ಣಿನ ಕಾರಣೆ, ಸಗಣಿ ಸಾರಿಸಿದ ನೆಲ, ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹಾಕುವ ಹೊಸ ಮಣ್ಣು ಇವೆಲ್ಲ ನಮ್ಮಲ್ಲಿ ಅನೇಕರು ಹುಟ್ಟಿ ಬೆಳೆದ ಮನೆಗಳ ನಿತ್ಯದ ಮಾತುಗಳು. ಆ ಮನೆಗಳ ಗತಿ ಏನಾಗುತ್ತಿದೆ? ನಾವು ಇಲ್ಲಿಂದ ಕಳುಹಿಸುವ ಡಾಲರುಗಳಿಂದ ಅವುಗಳ 'ಜೀರ್ಣೋದ್ಧಾರ' ನಡೆಯುತ್ತಿದೆ. ಜೀರ್ಣವಾದುದನ್ನು ಎತ್ತಿ ಹಿಡಿಯುವುದು ಆ ಪದದ ಅರ್ಥ. ನಮ್ಮ ರೂಢಿಯಲ್ಲಿ ಅದು ಜೀರ್ಣವಾದುದನ್ನು ನೆಲಸಮ ಮಾಡಿ ಕಾಂಕ್ರೀಟು ಸುರಿಯುವುದೆಂದಾಗಿದೆ. ಕೆಡವಲು ಮನಸ್ಸು ಬಾರದವರು ಸಿಮೆಂಟು ಮೆತ್ತಿಸಿ, ಉಳಿಸಿದೆವೆಂಬ ತೃಪ್ತಿಯಲ್ಲಿಯೇ ಗೋಡೆಯನ್ನು ಕೊಲ್ಲುತ್ತಾರೆ.

ಊರಿನಲ್ಲಿ ಇರುವವರ ಮಾತೂ ನ್ಯಾಯವಾದುದೇ. "ವರ್ಷವರ್ಷವೂ ಸಾರಿಸಿ, ಬಳಿದು ಮಾಡುವವರು ಯಾರು? ನೀವು ಬಂದು ಮಾಡುತ್ತೀರಾ?" ಎಂದು ಅವರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಆ ದುಡಿಮೆಯನ್ನು ಬಹುಪಾಲು ನಮ್ಮ ಅಜ್ಜಿಯರೂ ತಾಯಂದಿರೂ ಕೂಲಿಯಿಲ್ಲದೆ ಮಾಡಿದರು. ಅದನ್ನೇ ಸಂಪ್ರದಾಯವೆಂದು ಹೊಗಳಿ ಇನ್ನೊಬ್ಬರ ಹೆಗಲಿಗೆ ಹೊರಿಸುವ ಅಧಿಕಾರ ದೂರದಲ್ಲಿ ಕುಳಿತ ನಮಗಿಲ್ಲ. ಸೋರುವ ಮನೆಯಲ್ಲಿ ಯಾರೂ ನಮ್ಮ ನೆನಪಿನ ಸುಖಕ್ಕಾಗಿ ಇರಬೇಕಾಗಿಲ್ಲ. ಎಲ್ಲ ಮನೆಗಳನ್ನೂ ಉಳಿಸಬೇಕೆಂಬ ಹಟವೂ ನನ್ನದಲ್ಲ.

ಆದರೆ ಉಳಿಸಲೇಬೇಕೆಂದು ಕುಟುಂಬವು ಒಮ್ಮತದಿಂದ ನಿಶ್ಚಯಿಸಿದ ಮನೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಒಮ್ಮೆಲೇ ದೊಡ್ಡ ಮೊತ್ತ ಕಳುಹಿಸುವುದಕ್ಕಿಂತ ಪ್ರತಿವರ್ಷವೂ ಸಣ್ಣ ಮೊತ್ತವನ್ನು ತಪ್ಪದೆ ಕಳುಹಿಸುವುದು ಮೇಲು. ಮೊದಲು ಮಾಡು, ಬಳಿಕ ಬಚ್ಚಲು ಮತ್ತು ಚರಂಡಿಯ ನೀರು, ಆಮೇಲೆ ಗೋಡೆ ಎಂಬ ಕ್ರಮವಿರಲಿ. ಮಣ್ಣಿನ ಕೆಲಸ ಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಇದ್ದರೆ ಅವರಿಗೆ ತಕ್ಕ ಕೂಲಿ ಕೊಟ್ಟು, ಅವರ ಕೈಕೆಳಗೆ ಇಬ್ಬರು ತರುಣರು ಕಲಿಯುವಂತೆ ಏರ್ಪಡಿಸೋಣ. ಹಾಗೆಯೇ ಆ ಮನೆಯನ್ನು ಕಟ್ಟಿದ ಕೆಲಸಗಾರರು ಯಾರು, ಮಣ್ಣು ಯಾವ ಕೆರೆಯದು ಎಂಬುದನ್ನು ಬಲ್ಲವರು ಬದುಕಿರುವಾಗಲೇ ಕೇಳಿ ಬರೆದಿಡೋಣ. ಯಜಮಾನನ ಹೆಸರನ್ನು ಉಳಿಸಲು ಆಸ್ತಿಯ ಪತ್ರಗಳಿವೆ. ಗೊನ್ಸಾಲೆಸನಂಥವರ ಹೆಸರಿಗೆ ನಾವಲ್ಲದೆ ಇನ್ನಾರೂ ಇಲ್ಲ.

ಎರಡು ವರ್ಷಕ್ಕೊಮ್ಮೆ ಸೇರುವ ಈ ಸಮ್ಮೇಳನದಲ್ಲಿ ತವರಿನ ಶಾಲೆಗಳಿಗೂ ದೇಗುಲಗಳಿಗೂ ಉದಾರವಾಗಿ ನೆರವು ಘೋಷಿಸುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ಯಾರಾದರೂ ಜೀರ್ಣೋದ್ಧಾರಕ್ಕೆಂದು ಹಣ ಕೇಳಿದಾಗ, ಏನನ್ನು ಕಟ್ಟುತ್ತೀರಿ ಎಂದು ಕೇಳುವ ಮೊದಲು, ಏನನ್ನು ಕೆಡವುತ್ತೀರಿ ಎಂದು ಕೇಳಿರಿ.