ಬಾನೆಟ್ ಎತ್ತಿ ನೋಡಬೇಕಿತ್ತು

ಸ್ನೋಮೊಬೈಲ್‌ಗಳ ಕುರಿತ ಕಳೆದ ಸಂಚಿಕೆಯ ಲೇಖನದಲ್ಲಿ ಯಮಾಹಾಕ್ಕೆ ಮೊದಲ ಸ್ಥಾನ, ಆರ್ಕ್ಟಿಕ್ ಕ್ಯಾಟ್‌ಗೆ ಕೊನೆಯದು. ಲೇಖಕರು ಹಾಡಿ ಹೊಗಳಿದ ಯಮಾಹಾ ಸೈಡ್‌ವೈಂಡರ್‌ನ ಚಾಸಿ ಆರ್ಕ್ಟಿಕ್ ಕ್ಯಾಟ್‌ನದು! ಅವರು ತೆಗಳಿದ ಆರ್ಕ್ಟಿಕ್ ಕ್ಯಾಟ್‌ನ ಥಂಡರ್‌ಕ್ಯಾಟ್‌ನೊಳಗೆ ಗುಡುಗುವುದು ಸೈಡ್‌ವೈಂಡರ್‌ನಲ್ಲೂ ಇರುವ ಯಮಾಹಾದ 998 ಸಿಸಿ ಟರ್ಬೊ ಎಂಜಿನ್. ಅದೇ ಎಂಜಿನ್‌ಗೆ ಒಂದು ಕಡೆ ಶಹಬ್ಬಾಸ್, ಇನ್ನೊಂದು ಕಡೆ ಛೀಮಾರಿ; ಇದೆಂಥ ನ್ಯಾಯ ಸ್ವಾಮಿ?

ಇನ್ನು ಹಿಡಿತದ ಮಾತು. ಮಿನ್ನೆಸೋಟಾದ ಹೆಪ್ಪುಗಟ್ಟಿದ ಸರೋವರದ ಮೇಲೆ ನೇರ ಓಡಿಸುವವರಿಗೆ ಭಾರದ ಫೋರ್ ಸ್ಟ್ರೋಕ್ ಹಿತವೇ. ರಾಕಿ ಪರ್ವತಗಳ ಸೊಂಟಮಟ್ಟದ ಪುಡಿಹಿಮದಲ್ಲಿ ಅದು ಮೂತಿ ಹೂತುಕೊಂಡು ಕೂರುತ್ತದೆ. ಅಲ್ಲಿ ಬೇಕಾದದ್ದು ಹಗುರ ಟೂ ಸ್ಟ್ರೋಕ್, ಉದ್ದನೆಯ ಟ್ರ್ಯಾಕ್. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಮಾಮೂಲಿ ಎಂಜಿನ್ ಸೊರಗುತ್ತದೆ. ಸ್ಕಿ-ಡೂ, ಪೊಲಾರಿಸ್ ಕಂಪನಿಗಳೆರಡೂ ಟೂ ಸ್ಟ್ರೋಕ್‌ಗೆ ಕಾರ್ಖಾನೆಯಲ್ಲೇ ಟರ್ಬೊ ಕೂರಿಸಿದ್ದು ಸುಮ್ಮನೆ ಅಲ್ಲ. ಲೇಖನದಲ್ಲಿ ಕೊಟ್ಟ ಸಮುದ್ರಮಟ್ಟದ ಅಶ್ವಶಕ್ತಿಯ ಪಟ್ಟಿ ಹಿಡಿದು ಬೆಟ್ಟದ ಗಾಡಿ ಆರಿಸಲಾಗದು (ಆ ಪಟ್ಟಿ ಅಚ್ಚುಕಟ್ಟಾಗಿತ್ತು, ಅದನ್ನು ಒಪ್ಪುತ್ತೇನೆ).

ಬಾಳಿಕೆಯಲ್ಲಿ ಯಮಾಹಾ ಎಂಜಿನ್ ಗಟ್ಟಿ, ತಕರಾರಿಲ್ಲ. ಆದರೆ 2025ರ ಮಾದರಿಗಳೊಂದಿಗೆ ಕಂಪನಿ ಉತ್ತರ ಅಮೆರಿಕದಲ್ಲೂ ಸ್ನೋಮೊಬೈಲ್ ವ್ಯಾಪಾರಕ್ಕೆ ಬಾಗಿಲು ಹಾಕಿದೆ. ಈ ಸಂಗತಿ ಲೇಖನದಲ್ಲಿ ಒಂದು ಸಾಲಿನಷ್ಟೂ ಇಲ್ಲ. ‘ಕಣ್ಮುಚ್ಚಿ ಕೊಳ್ಳಿ’ ಎನ್ನುವವರು, ಹತ್ತು ವರ್ಷದ ಮೇಲೆ ಬಿಡಿಭಾಗ ಕೊಡುವವರು ಯಾರು ಎಂಬುದನ್ನೂ ತಿಳಿಸಲಿ.