ಗುಳಿಗೆ ಕೊಟ್ಟರೆ ಸಾಕೆ?



ನಮ್ಮ ವಾರಿಗೆಯ ಹುಡುಗಿಯೊಬ್ಬಳು ಜೊತೆಗೆ ಬಾ ಅಂದಳು. ಎ.ಆರ್.ಟಿ. ಕೇಂದ್ರಕ್ಕೆ ಹೋಗಿದ್ದೆವು. ಅವಳ ಹೆಸರು, ಊರು ಹೇಳುವುದಿಲ್ಲ. ಒಳಗಿಂದ ಗುಳಿಗೆ ಹಿಡಿದು ಬಂದವಳ ಕಣ್ಣು ಕೆಂಪಾಗಿತ್ತು. ಕುಡಿಯುವುದು ಗೊತ್ತಾಗಿ ಬೈದಿದ್ದರು. "ನಿದ್ದಿ ಬರಂಗಿಲ್ಲ ನೋಡು, ಅದಕ್ಕ ಕುಡಿತೀನಿ. ಕುಡಿದ ದಿನ ಗುಳಿಗಿ ನುಂಗಂಗಿಲ್ಲ. ಎರಡೂ ಕೂಡಿದರ ವಿಷ ಅಂತಾರ" ಅಂದಳು.

ಇದು ತಪ್ಪು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಕುಡಿದ ದಿನವೂ ಎಚ್.ಐ.ವಿ. ಗುಳಿಗೆ ತಪ್ಪಿಸಬಾರದು. ತಪ್ಪಿಸಿದರೆ ವೈರಸ್ಸು ಮತ್ತೆ ಬೆಳೆಯುತ್ತದೆ, ಪದೇ ಪದೇ ತಪ್ಪಿದರೆ ಔಷಧಿಗೂ ಬಗ್ಗದೆ ಹೋಗಬಹುದು. ದಿನಾ ನುಂಗಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ, ಕೂಡಿದ ಸಂಗಾತಿಗೂ ದಾಟುವುದಿಲ್ಲ. ಇಷ್ಟು ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷ ಬೈಗುಳಕ್ಕೆ ಹೋಯಿತು.

2004ರ ಏಪ್ರಿಲ್‌ನಿಂದ ಸರ್ಕಾರ ಈ ಗುಳಿಗೆಯನ್ನು ಪುಕ್ಕಟೆ ಕೊಡುತ್ತಿದೆ. ಅದರಿಂದ ಎಷ್ಟೋ ಜೀವ ಉಳಿದಿವೆ, ನಿಜ. ಗುಳಿಗೆ ವೈರಸ್ಸಿನ ಜೊತೆ ಹೋರಾಡುತ್ತೆ. ರಾತ್ರಿಯ ಜೊತೆ ಹೋರಾಡುವವರು ಯಾರು? ಅವ್ವನಿಗೆ ಗೊತ್ತಾದರೆ, ಓಣಿಗೆ ಗೊತ್ತಾದರೆ, ಕೆಲಸ ಹೋದರೆ ಅನ್ನುವ ದಿಗಿಲಿಗೆ ಮದ್ದು ಎಲ್ಲಿ? ಕೈಗೆ ಸಿಕ್ಕಿದ್ದು ಬಾಟಲಿ ಒಂದೇ.

ಹೆಂಡ ಬೇಡ ಅಂತ ಕೂಗಿದವರು ನಾವು. ಆ ಕೂಗು ನಮ್ಮ ಕೇರಿಗೆ ಹೆಂಡ ಮಾರಿ ಗಂಟು ಮಾಡಿಕೊಂಡವನ ವಿರುದ್ಧ, ನೋವು ಮರೆಯಲು ಕುಡಿದವಳ ವಿರುದ್ಧ ಅಲ್ಲ. ಗಂಡಸು ಕುಡಿದರೆ 'ಪಾಪ, ಕಷ್ಟ'. ಹೆಂಗಸು ಕುಡಿದರೆ 'ಕೆಟ್ಟವಳು'. ಈ ತಕ್ಕಡಿ ಮನುವಿನದು. ಅದು ನಮ್ಮ ಕೈಗೆ ಹೇಗೆ ಬಂತು? ಉತ್ತರ ಕರ್ನಾಟಕದಲ್ಲಿ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರು ಹೆಚ್ಚಿನಂಶ ನಮ್ಮ ಕೇರಿಯ ಹೆಣ್ಣುಮಕ್ಕಳೇ. 1982ರಲ್ಲಿ ಅದನ್ನು ನಿಷೇಧಿಸುವ ಕಾನೂನು ಬಂತು. ಅವರನ್ನು ಬಳಸಿಕೊಂಡ ಊರಿಗೆ ಇಲ್ಲದ ನಾಚಿಕೆ ಅವರ ತಲೆ ಮೇಲೇ ಉಳಿಯಿತು.

ಕಾನೂನು ನಮ್ಮ ಕಡೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದಿಂದ ಬರುವ ಮನಸ್ಸಿನ ತೊಂದರೆಯನ್ನೂ ಕಾಯಿಲೆ ಅನ್ನುತ್ತದೆ, ಚಿಕಿತ್ಸೆ ಹಕ್ಕು ಅನ್ನುತ್ತದೆ. ಅದೇ ವರ್ಷದ ಎಚ್.ಐ.ವಿ. ಕಾಯ್ದೆ ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಭೇದ ಮಾಡಕೂಡದು ಅನ್ನುತ್ತದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿಗೆ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಆಗದ ಕೆಲಸವೇನಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟೆ. ಗುಳಿಗೆ ಕೊಡುವ ದಿನವೇ, ಅದೇ ಕೋಣೆಯಲ್ಲಿ, ನಿದ್ದೆ ಬರುತ್ತಾ, ಎಷ್ಟು ಕುಡೀತೀಯಮ್ಮಾ ಅಂತ ಬೈಯದೆ ಕೇಳಿ. ಮನಸ್ಸಿನ ಡಾಕ್ಟರು ಬೇರೆ ಕಟ್ಟಡ, ಬೇರೆ ಚೀಟಿ, ಬೇರೆ ದಿನ ಅಂದರೆ ಅವಳಿಗೆ ಇನ್ನೊಂದು ದಿನದ ಕೂಲಿ ಹೋಯಿತು. ಅವಳು ಬರುವುದಿಲ್ಲ.

ಹಾಸ್ಟೆಲಿನಲ್ಲಿ ನಮ್ಮ ಕೆಲಸವೂ ಇದೆ. ಯಾರಿಗೋ ಎಚ್.ಐ.ವಿ. ಅಂತ ಗೊತ್ತಾದರೆ ಬಾಯಿ ಮುಚ್ಚಿಕೊಂಡಿರಿ. ಅದನ್ನು ಹೇಳುವ ಹಕ್ಕು ಅವರದು. ತಟ್ಟೆ ಬೇರೆ, ಲೋಟ ಬೇರೆ ಇಡುವುದು ಅಂದರೆ ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದಿನಾ ಹೆಚ್ಚು ಕುಡಿಯುವವರನ್ನು ಇವತ್ತೇ ಬಿಡು ಅಂತ ಆಣೆ ಹಾಕಿಸಬೇಡಿ. ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸು ಬಂದು ಪ್ರಾಣಕ್ಕೇ ಕುತ್ತಾದೀತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಾಯಬೇಕು ಅನ್ನುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಎಚ್.ಐ.ವಿ. ವಿಷಯಕ್ಕೆ 1097.

ಮುಂದಿನ ಸಲ ಅವಳು ಗುಳಿಗೆಗೆ ಹೋಗುವಾಗ ನಾವೂ ಹೋಗ್ತೇವೆ. ಬೈದರೆ, ಯಾಕೆ ಬೈತೀರಿ ಅಂತ ಕೇಳ್ತೇವೆ. ನಿಮ್ಮೂರಲ್ಲೂ ಅಂಥ ಒಬ್ಬಳು ಬಾಗಿಲ ಹೊರಗೆ ಕೂತಿರಬಹುದು. ಅವಳ ಪಕ್ಕ ಹೋಗಿ ಕೂತುಕೊಳ್ಳಿ.