ಗ್ಲುಟಾಥಯೋನ್ ಯಾರಿಗೆ ಬೇಕು?

ಹಾನುಬಾಳಿನ ಕಡೆ ವೀಕೆಂಡಿಗೆ ಬರುವವರಿಗೆ ಒಳ್ಳೆ ಕಾಫಿ ಕೊಟ್ಟರಷ್ಟೇ ಸಾಲದು ಮಾರಾಯ್ರೇ, ಅದರಲ್ಲಿ ಆಂಟಿಆಕ್ಸಿಡೆಂಟ್ ಇದೆ ಅಂತಲೂ ಹೇಳಬೇಕು. ಇಲ್ಲಿನವರು ತಲೆಮಾರುಗಳಿಂದ ಕಾಫಿ ಕುಡಿದದ್ದು ಚಳಿಗೆ, ಮಳೆಗೆ, ನಿದ್ದೆ ಬಿಡಿಸಲಿಕ್ಕೆ. ಈಗ ಅದೇ ಲೋಟ ಔಷಧಿಯಾಗಿದೆ. ಜೊತೆಗೆ ಗ್ರೀನ್ ಟೀ, ಡಾರ್ಕ್ ಚಾಕೊಲೇಟ್, ಮುಖಕ್ಕೆ ಸೀರಮ್ಮು. ಬೆಂಗಳೂರಿನಲ್ಲಂತೂ ಬೆಳ್ಳಗಾಗಬೇಕು ಅಂತ ದುಡ್ಡು ಸುರಿದು ಗ್ಲುಟಾಥಯೋನ್ ಡ್ರಿಪ್ ಹಾಕಿಸಿಕೊಳ್ಳುವವರಿದ್ದಾರೆ.

ಅದೇ ಗ್ಲುಟಾಥಯೋನಿಗೆ ಇನ್ನೊಂದು ಕೆಲಸವಿದೆ, ಅದರ ಜಾಹೀರಾತು ಎಲ್ಲೂ ಬರೋದಿಲ್ಲ. ಮಿದುಳು ನಿಷ್ಕ್ರಿಯಗೊಂಡ ದಾನಿಯಿಂದ ತೆಗೆದ ಕಿಡ್ನಿ, ಲಿವರ್‌ಗಳನ್ನು ತಣ್ಣನೆಯ ದ್ರಾವಣದಲ್ಲಿ, ಸುಮಾರು 4 ಡಿಗ್ರಿಯಲ್ಲಿ ಇಡುತ್ತಾರೆ. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಸದರ್ಡ್ ರೂಪಿಸಿದ ದ್ರಾವಣದಲ್ಲಿ ಗ್ಲುಟಾಥಯೋನ್ ಇದೆ, ಅಲೋಪ್ಯೂರಿನಾಲ್ ಕೂಡ ಇದೆ. ಎರಡನೆಯದು ಯೂರಿಕ್ ಆಸಿಡ್ ಜಾಸ್ತಿಯಾಗಿ ಕಾಲ ಹೆಬ್ಬೆರಳು ಊದಿಸಿಕೊಂಡ ನಮ್ಮ ಅಜ್ಜಂದಿರು ನುಂಗುವ ಮಾತ್ರೆ!

ರಕ್ತ ನಿಂತರೆ ಅಂಗ ಹಾಳಾಗುತ್ತದೆ, ಅದು ಎಲ್ಲರಿಗೂ ಗೊತ್ತು. ರಕ್ತ ವಾಪಸ್ ಬಂದಾಗಲೂ ಹಾಳಾಗುತ್ತದೆ ಅನ್ನೋದೇ ವಿಚಿತ್ರ. ಆಮ್ಲಜನಕವಿಲ್ಲದ ಹೊತ್ತಿನಲ್ಲಿ ಜೀವಕೋಶದ ಇಂಧನ ಒಡೆದು ಹೈಪೊಕ್ಸಾಂಥೀನ್ ಎಂಬ ಕಸ ಗುಡ್ಡೆಯಾಗುತ್ತದೆ. ಅಂಗವನ್ನು ಹೊಸ ದೇಹಕ್ಕೆ ಹೊಲಿದು ಕ್ಲಾಂಪ್ ಬಿಚ್ಚಿದ ಕೂಡಲೇ ಆಮ್ಲಜನಕ ನುಗ್ಗುತ್ತದೆ, ಒಂದು ಕಿಣ್ವ ಆ ಕಸದ ಮೇಲೆ ಕೆಲಸ ಶುರುಮಾಡುತ್ತದೆ, ಫ್ರೀ ರ್‍ಯಾಡಿಕಲ್‌ಗಳು ಹುಟ್ಟಿ ಕೋಶದ ಪೊರೆಯನ್ನೇ ಸುಡುತ್ತವೆ. ಅಲೋಪ್ಯೂರಿನಾಲ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಗ್ಲುಟಾಥಯೋನ್ ಆ ಏಟನ್ನು ತನ್ನ ಮೇಲೆ ತಗೊಳ್ಳುತ್ತದೆ. ಆಂಟಿಆಕ್ಸಿಡೆಂಟ್ ಅನ್ನೋ ಪದಕ್ಕೆ ಮಾನವಿರುವುದು ಇಲ್ಲಿ, ನಿಮ್ಮ ಸೀರಮ್ಮಿನಲ್ಲಲ್ಲ.

ಹಾಗಂತ ಇಲ್ಲೂ ಪವಾಡವಿಲ್ಲ. ಪ್ಯಾರಾಸಿಟಮಾಲ್ ವಿಷಕ್ಕೆ ಕೊಡುವ ಎನ್-ಅಸಿಟೈಲ್‌ಸಿಸ್ಟೀನನ್ನು ಲಿವರ್ ಕಸಿಯಲ್ಲೂ ಪ್ರಯೋಗಿಸಿದ್ದಾರೆ. ಕೆಲವು ಅಧ್ಯಯನಗಳಲ್ಲಿ ಲಾಭ ಕಂಡಿದೆ, ಕೆಲವುಗಳಲ್ಲಿ ಇಲ್ಲ. ಐಸು, ದ್ರಾವಣ, ಔಷಧಿ ಎಲ್ಲ ಸೇರಿ ಕೊಡೋದು ಕೆಲವು ಗಂಟೆಗಳನ್ನು. ಹೃದಯಕ್ಕೆ ಸುಮಾರು 4, ಲಿವರ್‌ಗೆ 12ರ ಆಸುಪಾಸು, ಕಿಡ್ನಿಗೆ ಒಂದು ದಿನ ಅಥವಾ ಸ್ವಲ್ಪ ಹೆಚ್ಚು.

ನನ್ನ ತಕರಾರು ಇರುವುದು ಇಲ್ಲೇ. ಆ ಗಂಟೆಗಳನ್ನು ಉಳಿಸುವ ಹೊಸ ಮೆಷಿನ್ನು, ಹೊಸ ಅಣು, ಡ್ರೋನು ಅಂತ ನಾವು ಲಿಂಕ್ ಹಂಚುತ್ತೇವೆ. ಗ್ರೀನ್ ಕಾರಿಡಾರ್ ವಿಡಿಯೋ ನೋಡಿ ಕಣ್ಣು ಒರೆಸಿಕೊಳ್ಳುತ್ತೇವೆ. ಆದರೆ ಬಹಳಷ್ಟು ಅಂಗಗಳು ಐಸಿನ ಪೆಟ್ಟಿಗೆಯವರೆಗೆ ಬರೋದೇ ಇಲ್ಲ. ಹಾನುಬಾಳಿನ ತಿರುವಿನಲ್ಲಿ ರಾತ್ರಿ ಬೈಕಿನಿಂದ ಬಿದ್ದ ಹುಡುಗನೊಬ್ಬನನ್ನು ನೆನೆಸಿಕೊಳ್ಳಿ. ಮೊದಲು ಸಕಲೇಶಪುರ, ಆಮೇಲೆ ಹಾಸನ. ಮೊದಲ ಕೆಲಸ ಅವನನ್ನು ಬದುಕಿಸೋದು, ಅದರಲ್ಲಿ ಎರಡು ಮಾತಿಲ್ಲ. ಅದಾಗಲಿಲ್ಲ ಅಂದರೆ? ಕಾನೂನಿನ ಪ್ರಕಾರ ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಮಿದುಳಿನ ಸಾವನ್ನು ಘೋಷಿಸಬೇಕು. ಆ ತಂಡವಿಲ್ಲದಿದ್ದರೆ, ಇದ್ದೂ ಯಾರೂ ಬಾಯಿ ಬಿಡದಿದ್ದರೆ, ಗ್ಲುಟಾಥಯೋನ್ ಕಟ್ಟಿಕೊಂಡು ಏನು ಮಾಡೋದು? ಆರು ಕೋಟಿ ದಾಟಿದ ಕರ್ನಾಟಕದಲ್ಲಿ 2023ರಲ್ಲಿ ಮರಣೋತ್ತರ ದಾನಿಗಳು 178. ದೇಶದ ಲೆಕ್ಕದಲ್ಲಿ ಇದು ಮುಂಚೂಣಿಯ ಸಂಖ್ಯೆ ಅನ್ನೋದೇ ನಾಚಿಕೆಗೇಡು.

ಕಸಿ ಮಾಡದ ಆಸ್ಪತ್ರೆಯಲ್ಲೂ ನೋಂದಣಿ ಮಾಡಿಸಿ ಅಂಗ ತೆಗೆಯಬಹುದು ಅಂತ 2011ರ ತಿದ್ದುಪಡಿ ಹೇಳುತ್ತದೆ. ನಿಮ್ಮೂರಿನ ಜಿಲ್ಲಾಸ್ಪತ್ರೆ ಕಳೆದ ವರ್ಷ ಎಷ್ಟು ಸಲ ಮಿದುಳಿನ ಸಾವು ಘೋಷಿಸಿತು ಅಂತ ಒಂದು ಆರ್‌ಟಿಐ ಹಾಕಿ, ಹತ್ತು ರೂಪಾಯಿ ಖರ್ಚು. ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದ್ದೀರಾದರೆ ಒಳ್ಳೇದು. ಆದರೂ ಐಸಿಯು ಹೊರಗೆ ಕೂತ ಅಮ್ಮನ ಒಪ್ಪಿಗೆ ಕೇಳಿಯೇ ಕೇಳುತ್ತಾರೆ. ಅವರಿಗೆ ವಿಷಯ ಅಲ್ಲೇ ಮೊದಲ ಸಲ ಗೊತ್ತಾಗೋದು ಬೇಡ, ಈ ಭಾನುವಾರ ಫೋನ್ ಮಾಡಿದಾಗ ನೀವೇ ಹೇಳಿಬಿಡಿ.